ಕೊಯ್ಯುವಾಗ ಕಾಣದ ಚಿಬ್ಬು ರೋಗ: ಈಶಾಡ ಮಾವನ್ನು ಮೊದಲೇ ಪರೀಕ್ಷಿಸುವುದು ಹೇಗೆ?

ಅಂಕೋಲೆಯ ಬೆಳೆಗಾರ:
2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಮ್ಮ ಕರಿ ಈಶಾಡ ಮಾವನ್ನು ದೂರದ ಗ್ರಾಹಕರಿಗೂ ಕಳುಹಿಸುತ್ತಿದ್ದೇನೆ. ಕೊಯ್ಯುವಾಗ ಒಂದು ಕಲೆಯೂ ಇಲ್ಲದ ಕಾಯಿ ಮಾಗುತ್ತಿದ್ದಂತೆ ಕಪ್ಪು ಚುಕ್ಕೆ ಬಿದ್ದು ಕೊಳೆಯುತ್ತದೆ. ಪೆಟ್ಟಿಗೆ ಕಟ್ಟುವ ಮೊದಲೇ ಇದನ್ನು ತಿಳಿಯಲು ಸಾಧ್ಯವೇ? ಕ್ಯಾಮೆರಾ ಉಪಕರಣಗಳು ಪ್ರಯೋಜನಕ್ಕೆ ಬರುತ್ತವೆಯೇ?

ಶಿರಸಿಯ ಸಸ್ಯರೋಗ ಅಭ್ಯಾಸಿ:
ಈ ಚಿಬ್ಬು ರೋಗ (ಆಂಥ್ರಾಕ್ನೋಸ್) ಹೆಚ್ಚಾಗಿ ಪೆಟ್ಟಿಗೆಯಲ್ಲಿ ಹುಟ್ಟುವುದಲ್ಲ, ಮರದಿಂದಲೇ ಬಂದಿರುತ್ತದೆ. ಹೂವು ಮತ್ತು ಎಳೆಗಾಯಿಯ ಹಂತದಲ್ಲಿ ಮಳೆಯೋ ಇಬ್ಬನಿಯೋ ಬಿದ್ದಾಗ ಕೊಲೆಟೋಟ್ರೈಕಮ್ ಶಿಲೀಂಧ್ರದ ಬೀಜಕಣಗಳು ಮೊಳೆತು, ಸಿಪ್ಪೆಗೆ ಅಂಟಿಕೊಂಡು, ಅಲ್ಲಿಯೇ ಸುಪ್ತವಾಗಿ ಉಳಿಯುತ್ತವೆ. ಕಾಯಿಯ ಸಿಪ್ಪೆಯಲ್ಲಿರುವ ರಿಸಾರ್ಸಿನಾಲ್ ಎಂಬ ರಾಸಾಯನಿಕಗಳು ಅವುಗಳನ್ನು ತಡೆದಿರುತ್ತವೆ. ಹಣ್ಣು ಮಾಗುವಾಗ ಈ ರಾಸಾಯನಿಕಗಳು ಕುಗ್ಗುವುದರಿಂದ ಶಿಲೀಂಧ್ರ ಎಚ್ಚರಗೊಳ್ಳುತ್ತದೆ. ಆದುದರಿಂದ ಮಾಗುವಿಕೆಯನ್ನು ಬೇಗನೆ ತರಿಸುವುದೇ ನಂಬಬಹುದಾದ ಪರೀಕ್ಷೆ. ಕೊಯ್ಲಿಗೆ ಒಂದೆರಡು ವಾರ ಮೊದಲು ಪ್ರತಿ ಮರದ ಬೇರೆ ಬೇರೆ ಕೊಂಬೆಗಳಿಂದ ಬಲಿತ ಕಾಯಿಗಳನ್ನು ತೆಗೆದು, ತೊಳೆದು, ಒದ್ದೆ ಬಟ್ಟೆ ಹಾಸಿದ ಬಕೆಟಿನಲ್ಲಿ ಮಾಗಿದ ಬಾಳೆಹಣ್ಣುಗಳ ಜೊತೆಗಿಟ್ಟು, ಗಾಳಿಯಾಡುವಂತೆ ಸಡಿಲವಾಗಿ ಮುಚ್ಚಿರಿ. ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲ ಮಾಗುವಿಕೆಯನ್ನು ತ್ವರಿತಗೊಳಿಸುತ್ತದೆ. ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಹರಡಿ, ತೇವದಲ್ಲಿ ಅವುಗಳ ಮೇಲೆ ನಸುಗೆಂಪು ಅಂಟು ಕಾಣಿಸಿದರೆ ಅದು ಚಿಬ್ಬು ರೋಗವೇ. ಅಂತಹ ಮರದ ಹಣ್ಣನ್ನು ದೂರಕ್ಕೆ ಕಳುಹಿಸದೆ ಹತ್ತಿರದಲ್ಲೇ ಬೇಗ ಮಾರುವುದು ಲೇಸು.

ಕುಮಟೆಯ ಓದುಗ:
ಕೊಳೆ ತೊಟ್ಟಿನ ಸುತ್ತಲಿಂದ ಆರಂಭವಾದರೆ ಅದು ಚಿಬ್ಬು ರೋಗವಲ್ಲ, ತೊಟ್ಟು ಕೊಳೆ ಇರಬಹುದು. ಅದರ ಶಿಲೀಂಧ್ರ ತೊಟ್ಟಿನ ಒಳಗೇ ಅಡಗಿರುವುದರಿಂದ ಎರಡನ್ನೂ ಬೇರೆಯಾಗಿ ಲೆಕ್ಕವಿಡಿ. ಉಪಕರಣಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಬೆಳಕನ್ನು ನೂರಾರು ಸಣ್ಣ ತರಂಗಪಟ್ಟಿಗಳಾಗಿ ಬಿಡಿಸಿ ನೋಡುವ ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ ಅಂಗಾಂಶ ಕೆಡಲು ತೊಡಗಿದ್ದನ್ನು ಕಣ್ಣಿಗಿಂತ ಮೊದಲು ಗುರುತಿಸಬಲ್ಲದು, ಆದರೆ ಸುಪ್ತಾವಸ್ಥೆಯಲ್ಲಿರುವ ಕೆಲವೇ ಜೀವಕೋಶಗಳು ಅದಕ್ಕೂ ಸುಲಭವಾಗಿ ಸಿಗುವುದಿಲ್ಲ. ಪ್ರಯೋಗಾಲಯದ ಪಿಸಿಆರ್ ಪರೀಕ್ಷೆ ಶಿಲೀಂಧ್ರದ ಡಿಎನ್‌ಎಯನ್ನು ಹಲವು ಪಟ್ಟು ನಕಲು ಮಾಡಿ ಪತ್ತೆ ಮಾಡುತ್ತದೆಯಾದರೂ ಸಿಪ್ಪೆಯನ್ನು ಕತ್ತರಿಸಬೇಕು. ಆ ಹಣ್ಣು ಮಾರಾಟಕ್ಕೆ ಉಳಿಯುವುದಿಲ್ಲ.

ಅಂಕೋಲೆಯ ಬೆಳೆಗಾರ:
ತಮ್ಮಿಬ್ಬರಿಗೂ ಕೃತಜ್ಞತೆಗಳು. ಪರೀಕ್ಷೆಯಲ್ಲಿ ರೋಗ ಕಂಡ ಮರದ ಉಳಿದ ಕಾಯಿಗಳಿಗೆ ಬಿಸಿನೀರಿನ ಉಪಚಾರ ಮಾಡಬಹುದೇ?

ಶಿರಸಿಯ ಸಸ್ಯರೋಗ ಅಭ್ಯಾಸಿ:
ಮಾಡಬಹುದು. ಮಾವಿಗೆ ಸಾಮಾನ್ಯವಾಗಿ 52 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 5ರಿಂದ 10 ನಿಮಿಷ ಅದ್ದುವ ಕ್ರಮವಿದೆ. ಕೊಯ್ದ ಬಳಿಕ ತಡಮಾಡಬಾರದು. ಶಾಖ ಮೀರಿದರೆ ಸಿಪ್ಪೆ ಬೆಂದು ಕಂದುತ್ತದೆ. ಆದ್ದರಿಂದ ಥರ್ಮಾಮೀಟರ್ ಇಲ್ಲದೆ ಕೈಯಂದಾಜಿನಲ್ಲಿ ಮಾಡಬೇಡಿ, ಮೊದಲು ಕೆಲವೇ ಈಶಾಡ ಕಾಯಿಗಳ ಮೇಲೆ ಪ್ರಯೋಗಿಸಿ, ಅವು ಮಾಗುವವರೆಗೆ ಕಾದು ನೋಡಿ.