ಮರು: ಪ್ವೆಂತೆ: ಸೇತುವೆಯೋ, ಸಾಲು ರಜೆಯೋ?

ನೀವು ಅನುವಾದ ಮಾಡುತ್ತಿರುವ ಸ್ಪ್ಯಾನಿಷ್ ಕತೆಯ ಮೂರು ಸಾಲುಗಳಲ್ಲಿ 'ಪ್ವೆಂತೆ' ಅನ್ನುವ ಪದ ಬರುತ್ತದೆ, ಅದರ ನೇರ ಅರ್ಥ ಸೇತುವೆ. ಕನ್ನಡದಲ್ಲಿ ಏನು ಬರೆಯಲಿ ಅಂತ ಕೇಳಿದ್ದೀರಿ, ಪುಟ ನಾಳೆ ಬೆಳಗ್ಗೆ ಹೋಗಬೇಕು ಅಂದಿದ್ದೀರಿ. ಆದ್ದರಿಂದ ಉತ್ತರ ಮೊದಲು, ಚರ್ಚೆ ಆಮೇಲೆ.

ಮೊದಲನೇ ಸಾಲು. ಕತೆಯಲ್ಲಿ ಮಾದ್ರಿದ್‌ನ ಆಫೀಸಿನ ಆ ಹೆಂಗಸು ಹೇಳುವ 'ಅಥೇರ್ ಪ್ವೆಂತೆ'ಗೆ 'ಸೇತುವೆ ಕಟ್ಟು' ಅಂತ ದಯವಿಟ್ಟು ಬರೆಯಬೇಡಿ. ಮಾತಿಗೆ ಮಾತು ಇಟ್ಟರೆ ಹಾಗೇ ಬರುತ್ತದೆ, ನಿಜ. ಓದುವವರಿಗೆ ಮಾತ್ರ ತಲೆಬುಡ ಗೊತ್ತಾಗುವುದಿಲ್ಲ. ಸ್ಪೇನಿನಲ್ಲಿ ಹಬ್ಬ ಮಂಗಳವಾರ ಬಂದರೆ ಸೋಮವಾರವೂ ರಜೆ ಹಾಕುತ್ತಾರೆ, ಗುರುವಾರ ಬಂದರೆ ಶುಕ್ರವಾರ. ಹಬ್ಬಕ್ಕೂ ಶನಿವಾರ ಭಾನುವಾರಕ್ಕೂ ನಡುವೆ ಸಿಕ್ಕಿಕೊಂಡ ಆ ಒಂದು ಕೆಲಸದ ದಿನವನ್ನು ದಾಟುವುದೇ ಪ್ವೆಂತೆ. ಹಾಗೆ ಸಿಕ್ಕಿದ ಇಡೀ ರಜೆಗೂ ಅದೇ ಹೆಸರು.

ಇದಕ್ಕೆ ನಮ್ಮಲ್ಲಿ ಮಾತಿಲ್ಲವೇ? ಇದೆಯಲ್ಲ, 'ಸಾಲು ರಜೆ'. ಪೇಪರಿನವರು 'ಸಾಲು ಸಾಲು ರಜೆ' ಅಂತ ಹಾಕುತ್ತಲೇ ಇರುತ್ತಾರೆ. ಆಫೀಸಿನಲ್ಲಿ 'ಮಧ್ಯ ಒಂದಿನ ರಜೆ ಹಾಕಿದ್ರೆ ನಾಲ್ಕು ದಿನ ಸಿಗುತ್ತೆ' ಅನ್ನುತ್ತೇವೆ. ಆ ಹೆಂಗಸಿನ ಬಾಯಲ್ಲೂ ಇದೇ ಬರಲಿ. ಇನ್ನೊಬ್ಬರು ಸೂಚಿಸಿದ 'ಸೇತುರಜೆ' ಬೇಡ. ಅದನ್ನು ಯಾರೂ ಆಡುವುದಿಲ್ಲ.

ಕತೆ ನಡೆಯುವುದು ಡಿಸೆಂಬರಿನಲ್ಲಿ, ಅದನ್ನು ಗಮನಿಸಿ. 6ನೇ ತಾರೀಕು ಸಂವಿಧಾನದ ದಿನ. 1978ರಲ್ಲಿ ಅವತ್ತು ಜನ ಸಂವಿಧಾನಕ್ಕೆ ಮತ ಹಾಕಿದರು. 8ನೇ ತಾರೀಕು ಕ್ರೈಸ್ತರ ಅಮಲೋದ್ಭವಿ ಮಾತೆಯ, ಅಂದರೆ ಮೇರಿ ಮಾತೆಯ ಹಬ್ಬ. 2022ರಲ್ಲಿ ಇವು ಮಂಗಳವಾರ, ಗುರುವಾರ ಬಂದಿದ್ದವು. ಮೂರು ದಿನ ರಜೆ ಹಾಕಿದವರಿಗೆ ಒಟ್ಟು ಒಂಬತ್ತು ದಿನ ಬಿಡುವು! ಇಷ್ಟು ಉದ್ದವಾದರೆ ಅವರು ಪ್ವೆಂತೆ ಅನ್ನುವುದಿಲ್ಲ, 'ಅಕ್ವೆದುಕ್ತೊ' ಅನ್ನುತ್ತಾರೆ, ಅಂದರೆ ಕಮಾನುಗಳ ಮೇಲೆ ನೀರು ಹರಿಸುವ ಮೇಲ್ಗಾಲುವೆ. ಸೆಗೋವಿಯಾದಲ್ಲಿ ರೋಮನ್ನರು ಕಟ್ಟಿದ ಕಲ್ಲಿನ ಮೇಲ್ಗಾಲುವೆ ನೋಡಿದವರಿಗೆ ಅರ್ಥವಾಗುತ್ತದೆ. ಕಮಾನಿನ ಪಕ್ಕ ಕಮಾನು, ರಜೆಯ ಪಕ್ಕ ರಜೆ. ನಿಮ್ಮ ಕತೆಯ ಮುಂದಿನ ಪುಟದಲ್ಲಿ ಆ ಪದ ಬಂದರೆ ಗಾಬರಿ ಬೇಡ.

ಎರಡನೇ ಸಾಲು, ಗಿಟಾರಿನ ಪ್ವೆಂತೆ ಮುರಿಯಿತು ಅನ್ನುವುದು. ಅಲ್ಲಿ 'ಕುದುರೆ' ಅಂತ ಬರೆಯಿರಿ. ವೀಣೆಯ ತಂತಿಗಳು ಯಾವುದರ ಮೇಲೆ ಹಾದು ಹೋಗುತ್ತವೆ? ಕುದುರೆಯ ಮೇಲೆ. ನಾನು ಚಿಕ್ಕವಳಿದ್ದಾಗ ನಮ್ಮ ಅತ್ತೆ ಆ ಮರದ ತುಂಡಿನ ಮೇಲಿನ ಲೋಹದ ಪಟ್ಟಿಯನ್ನು ಹಳೇ ಪಂಚೆಯ ತುಂಡಿನಿಂದ ಒರೆಸುತ್ತಿದ್ದರು. 'ಕುದುರೆ ಮುಟ್ಟಬೇಡ, ಸ್ವರ ಕೆಡುತ್ತೆ' ಅನ್ನುತ್ತಿದ್ದರು. ಸ್ಪೇನಿನವರಿಗೆ ಅಲ್ಲಿ ಸೇತುವೆ ಕಂಡಿತು, ನಮ್ಮವರಿಗೆ ಸವಾರಿ ಕಂಡಿತು. ಇನ್ನೂ ಚೆಂದ ಏನೆಂದರೆ, ಮೂಗಿನ ನಡುವಿನ ಉಬ್ಬಿಗೆ ಅವರು 'ಕಬಯೆತೆ' ಅನ್ನುತ್ತಾರೆ. ಅದರ ಮೂಲದಲ್ಲಿ ಇರುವುದು ಕುದುರೆಯೇ! ಆದರೆ ಆ ಉಬ್ಬಿನ ಮೇಲೆ ಕೂರುವ ಕನ್ನಡಕದ ಭಾಗಕ್ಕೆ ಮತ್ತೆ ಪ್ವೆಂತೆ.

ಕಳ್ಳ ಕಾರಿಗೆ ಪ್ವೆಂತೆ ಮಾಡಿದ ಅಂತ ಎಲ್ಲಾದರೂ ಬಂದರೆ, ಕೀಲಿ ಇಲ್ಲದೆ ವೈರ್ ಡೈರೆಕ್ಟ್ ಮಾಡಿ ಸ್ಟಾರ್ಟ್ ಮಾಡಿದ ಅಂತ.

ಮೂರನೇ ಸಾಲು ನಿಜವಾದ ಹೊಳೆ, ನಿಜವಾದ ಸೇತುವೆ. ಅಲ್ಲಿ ಸೇತುವೆ ಅಂತಲೇ ಇರಲಿ. 'ಸೇತುವೆ ಸಂಸ್ಕೃತ, ಅಚ್ಚಗನ್ನಡದ ಸಂಕ ಇರುವಾಗ ಯಾಕೆ?' ಅಂತ ಒಬ್ಬರು ನಿನ್ನೆ ಕೇಳಿದ್ದರು. ಇದನ್ನು ನಾನು ಒಪ್ಪುವುದಿಲ್ಲ. ಸಂಕ ನನ್ನ ಊರಿನ ಮಾತು, ಅದರ ಮೇಲೆ ನನಗೆ ಪ್ರೀತಿ ಜಾಸ್ತಿಯೇ. ಎರಡು ಅಡಿಕೆ ಮರ ಅಡ್ಡ ಹಾಕಿ, ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟಿದರೆ ಸಂಕ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಆ ಮರದ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು, ಬೆರಳೂರಿ ದಾಟಿದ್ದು ನನ್ನ ಕಾಲಿಗೆ ಇವತ್ತಿಗೂ ನೆನಪಿದೆ. ಸ್ಪೇನಿನ ರೋಂಡಾದಲ್ಲಿ 1793ರಲ್ಲಿ ಮುಗಿದ, ನೂರು ಅಡಿಗೂ ಬಹಳ ಎತ್ತರದ ಕಲ್ಲಿನ 'ಪ್ವೆಂತೆ ನ್ವೇವೊ'ವನ್ನು (ಹೊಸ ಸೇತುವೆ) ಸಂಕ ಅಂದರೆ ಆ ಪದಕ್ಕೂ ನ್ಯಾಯವಿಲ್ಲ, ಆ ಕಟ್ಟಡಕ್ಕೂ ಇಲ್ಲ. ಮೇಲಾಗಿ ಸಂಕ ಅಚ್ಚಗನ್ನಡ ಅಂತ ಹೇಗೆ ಹೇಳುತ್ತೀರಿ? ಸಂಸ್ಕೃತದ ಸಂಕ್ರಮ, ಮರಾಠಿಯ ಸಾಕವ ಪಕ್ಕದಲ್ಲಿಟ್ಟು ನೋಡಿ, ಅವಕ್ಕೂ ಸೇತುವೆ ಅಂತಲೇ ಅರ್ಥ.

ಇನ್ನೊಂದು ಕಡೆಯವರು 'ಪ್ವೆಂತೆ ಅಂತಲೇ ಉಳಿಸಿ, ಕನ್ನಡ ಬೆಳೆಯಲಿ' ಅನ್ನುತ್ತಾರೆ. ಪೋರ್ಚುಗೀಸಿನಿಂದ ನಮಗೆ ಚಾವಿ ಬಂತು, ಪಾದ್ರಿ ಬಂತು, ಕರಾವಳಿಗೆ ಇಗರ್ಜಿ (ಚರ್ಚು), ಜನೇಲು (ಕಿಟಕಿ) ಬಂದವು. ಆ ವಸ್ತುಗಳ ಜೊತೆ, ಆ ಜನರ ಬಾಯಿಂದ ಬಂದವು. ಪ್ವೆಂತೆ ಹಾಗೆ ಯಾರ ಜೊತೆಗೂ ಬಂದಿಲ್ಲ. ಅನುವಾದಕಿಗೆ ಪದ ಸಿಗಲಿಲ್ಲ ಅಂತ ಓದುಗರ ತಟ್ಟೆಗೆ ಬೇಯದ್ದನ್ನು ಬಡಿಸುವುದು ಸಾಲ ತರುವುದಲ್ಲ.

ಹಳೇ ಸ್ಪ್ಯಾನಿಷಿನಲ್ಲಿ ಪ್ವೆಂತೆ ಪದ ಸ್ತ್ರೀಲಿಂಗವಾಗಿತ್ತು ಅನ್ನುವ ಮಾತು ಸರಿ. ಆದರೆ ಕನ್ನಡದ ಸೇತುವೆಗೆ ಅದರಿಂದ ಏನೂ ಆಗಬೇಕಾಗಿಲ್ಲ.

ಒಂದು ಕಡೆ ಮಾತ್ರ ಎಚ್ಚರ. 'ಓಡುವ ಶತ್ರುವಿಗೆ ಬೆಳ್ಳಿ ಸೇತುವೆ' ಅನ್ನುವ ಸ್ಪೇನಿನವರ ಗಾದೆ (ಓಡಿಹೋಗುವ ಶತ್ರುವಿಗೆ ದಾರಿ ಬಿಟ್ಟುಕೊಡು ಅಂತ) ಬಂದರೆ ಸೇತುವೆಯನ್ನು ತೆಗೆಯಬೇಡಿ. ಅಲ್ಲಿ ಚಿತ್ರವೇ ಮಾತು. ಆಫೀಸಿನ ಸಾಲಿಗೆ ನನ್ನ ಸೂಚನೆ ಇದು: 'ಸೋಮವಾರ ಒಂದಿನ ರಜೆ ಹಾಕಿಬಿಡೋಣ, ನಾಲ್ಕು ದಿನ ಊರಲ್ಲಿ ಇರಬಹುದು.' ಹಬ್ಬ ಮಂಗಳವಾರವೇ ಅಲ್ವಾ ಅಂತ ಮೂಲದಲ್ಲಿ ಒಮ್ಮೆ ನೋಡಿಕೊಳ್ಳಿ. ಗುರುವಾರವಾದರೆ ಸೋಮವಾರದ ಜಾಗಕ್ಕೆ ಶುಕ್ರವಾರ ಹಾಕಿ.