ತಣ್ಣಗಾದ ಕೂಡಲೇ ಚಹಾ ಮಬ್ಬಾಗುವುದೇಕೆ? ಮನೆಯಲ್ಲಿ ಐಸ್ ಟೀ ಮಾಡುವವರಿಂದ ಸಲಹೆ ಬೇಕು

ಪ್ರಶ್ನೆ (ಬಳ್ಳಾರಿಯಿಂದ)

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಬಂತೆಂದರೆ ನಮ್ಮ ಬಳ್ಳಾರಿಯಲ್ಲಿ ಮಧ್ಯಾಹ್ನ ಬಿಸಿ ಚಹಾ ಕುಡಿಯುವುದು ಕಷ್ಟ. ಆದರೆ ಚಹಾ ಬಿಟ್ಟಿರಲು ಆಗದ ಕಾರಣ ಈ ಸಲ ಮನೆಯಲ್ಲೇ ಐಸ್ ಟೀ ಮಾಡಲು ಹೊರಟೆ. ದಿನನಿತ್ಯ ಬಳಸುವ ಚಹಾ ಪುಡಿಯನ್ನೇ ಹಾಲಿಲ್ಲದೆ ಐದು ನಿಮಿಷ ಚೆನ್ನಾಗಿ ಕುದಿಸಿ, ಸೋಸಿ, ಬಿಸಿ ಆರುವ ಮೊದಲೇ ಫ್ರಿಜ್ಜಿನಲ್ಲಿಟ್ಟೆ. ಸೋಸುವಾಗ ಗಾಜಿನ ಜಗ್ಗಿನಲ್ಲಿ ಕೆಂಪು ಹರಳಿನಂತೆ ಹೊಳೆಯುತ್ತಿದ್ದ ಚಹಾ ಎರಡು ಗಂಟೆಯ ನಂತರ ನೋಡಿದರೆ ಮಣ್ಣು ಕದಡಿದ ಕೆರೆಯ ನೀರಿನಂತಾಗಿತ್ತು. ಕುಡಿದರೆ ಬಾಯೆಲ್ಲ ಒಗರು. ಎಷ್ಟು ಕಲಕಿದರೂ ಸಕ್ಕರೆ ತಳದಲ್ಲೇ ಉಳಿಯಿತು. ಇದು ಪುಡಿಯ ದೋಷವೇ, ನಮ್ಮ ಬೋರ್‌ವೆಲ್ ನೀರಿನ ದೋಷವೇ? ಮುಂದಿನ ವಾರ ರಜೆಗೆ ನೆಂಟರು ಬರುವವರಿದ್ದಾರೆ.

ಉತ್ತರ 1 (ಕೂನೂರಿನ ಚಹಾ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು)

ಮೇಡಂ, ನಿಮ್ಮ ಪುಡಿ ಕೆಟ್ಟಿಲ್ಲ. ಚಹಾದಲ್ಲಿರುವ ಕೆಫೀನ್ ಹಾಗೂ ಅದಕ್ಕೆ ಬಣ್ಣವನ್ನೂ ಒಗರನ್ನೂ ಕೊಡುವ ಪಾಲಿಫಿನಾಲ್‌ಗಳು ಬಿಸಿ ನೀರಿನಲ್ಲಿ ಕರಗಿರುತ್ತವೆ. ನೀರು ತಣಿದಂತೆ ಅವು ಒಂದಕ್ಕೊಂದು ಅಂಟಿಕೊಂಡು ಸಣ್ಣ ಕಣಗಳಾಗುತ್ತವೆ. ನೀವು ಕಂಡ ಮಬ್ಬು ಅದೇ. ಚಹಾದ ರುಚಿ ನೋಡುವವರು ಇದನ್ನು ಕ್ರೀಮಿಂಗ್ ಎನ್ನುತ್ತಾರೆ, ಹಾಲು ಹಾಕಿ ಕುಡಿಯುವ ಗಟ್ಟಿ ಚಹಾದಲ್ಲಿ ಇದನ್ನು ಒಳ್ಳೆಯ ಲಕ್ಷಣವೆಂದೇ ಎಣಿಸುತ್ತಾರೆ.

ನಾವು ಮನೆಯಲ್ಲಿ ಬಳಸುವ ಹರಳು ಹರಳಾದ ಪುಡಿ ಬಹುಪಾಲು ಸಿಟಿಸಿ. ಎಲೆಯನ್ನು ಹಲ್ಲುಗಳಿರುವ ರೋಲರುಗಳ ನಡುವೆ ಜಜ್ಜಿ, ಹರಿದು, ಸುರುಳಿಯಾಗಿಸಿ ಮಾಡುವುದರಿಂದ ಅದು ಬೇಗನೆ, ಗಾಢವಾಗಿ ಸಾರ ಬಿಡುತ್ತದೆ, ತಣಿದಾಗ ಬೇಗನೆ ಮಬ್ಬಾಗುತ್ತದೆ. ಎಲೆಯನ್ನು ಹೊಸಕಿ ಸುತ್ತಿ ಮಾಡುವ ಆರ್ಥೊಡಾಕ್ಸ್ ಚಹಾ, ಅದರಲ್ಲೂ ನೀಲಗಿರಿಯದು, ತಣ್ಣಗಾದ ಮೇಲೂ ತಿಳಿಯಾಗಿಯೇ ಉಳಿಯುವುದಕ್ಕೆ ಹೆಸರುವಾಸಿ. ನನ್ನ ಊರಿನ ಚಹಾ ಎಂಬ ಅಭಿಮಾನಕ್ಕೆ ಹೇಳುತ್ತಿಲ್ಲ. ಐಸ್ ಟೀಗೆ ಅದನ್ನು ಮೀರಿಸಿದ್ದನ್ನು ನಾನು ಕುಡಿದಿಲ್ಲ.

ಒಂದು ಲೀಟರ್ ಶುದ್ಧ ತಣ್ಣೀರಿಗೆ ಸುಮಾರು 10 ಗ್ರಾಂ ಎಲೆ ಹಾಕಿ, ಮುಚ್ಚಿ, ರಾತ್ರಿ ಫ್ರಿಜ್ಜಿನಲ್ಲಿಟ್ಟು ಎಂಟು ಗಂಟೆಯ ನಂತರ ಹಿಂಡದೆ ಸೋಸಿ. ತಣ್ಣೀರಿಗೆ ಕೆಫೀನೂ ಒಗರೂ ನಿಧಾನವಾಗಿ, ಕಡಿಮೆ ಪ್ರಮಾಣದಲ್ಲಿ ಇಳಿಯುವುದರಿಂದ ಮಬ್ಬಿನ ಮೂಲವೇ ತಗ್ಗುತ್ತದೆ. ದಯವಿಟ್ಟು ಚರಟವನ್ನು ಚಮಚದಿಂದ ಒತ್ತಬೇಡಿ, ಒಗರೆಲ್ಲ ಅಲ್ಲಿಂದಲೇ ಬರುತ್ತದೆ.

ಉತ್ತರ 2 (ಮೈಸೂರಿನಿಂದ)

ಹಿರಿಯರು ಹೇಳಿದ್ದು ಸರಿ. ಆದರೆ ಎಲೆ ಚಹಾ ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲವಾದ್ದರಿಂದ, ಮನೆಯಲ್ಲಿರುವ ಪುಡಿಯಲ್ಲೇ ನಾನು ಮಾಡುವ ಕ್ರಮವನ್ನು ತಿಳಿಸುತ್ತೇನೆ. ನೀರು ಕುದಿ ಬಂದ ಮೇಲೆ ಒಲೆ ಆರಿಸಿ, ಲೀಟರಿಗೆ ಮೂರು ಟೀ ಚಮಚದಷ್ಟು ಪುಡಿ ಹಾಕಿ, ಮುಚ್ಚಿಟ್ಟು, ಮೂರೇ ನಿಮಿಷಕ್ಕೆ ಸೋಸಿಬಿಡಿ; ಪುಡಿಯನ್ನು ಕುದಿಸಲೇಬಾರದು. ಬಿಸಿ ಪೂರ್ತಿ ಆರುವವರೆಗೆ ಹೊರಗಿಟ್ಟು, ನಂತರವೇ ಫ್ರಿಜ್ಜಿಗೆ ಇಡಿ. ಆಗಲೂ ಮಬ್ಬಾದರೆ ಅರ್ಧ ಲೋಟ ಕುದಿಯುವ ನೀರು ಬೆರೆಸಿದರೆ ಬಹುಮಟ್ಟಿಗೆ ತಿಳಿಯಾಗುತ್ತದೆ, ಚೆಲ್ಲುವ ಅಗತ್ಯವಿಲ್ಲ.

ಬೋರ್‌ವೆಲ್ ನೀರಿನ ಬಗ್ಗೆ ನಿಮ್ಮ ಅನುಮಾನ ಸರಿಯಾದದ್ದೇ. ಗಡಸು ನೀರಿನಲ್ಲಿರುವ ಸುಣ್ಣದಂಶ ಮಬ್ಬನ್ನು ಹೆಚ್ಚಿಸುತ್ತದೆ, ಮೇಲೆ ತೆಳುವಾದ ಕೆನೆಯಂಥ ಪದರವನ್ನೂ ಕಟ್ಟುತ್ತದೆ. ಫಿಲ್ಟರ್ ನೀರನ್ನೇ ಬಳಸಿ, ಐಸಿಗೂ ಅದನ್ನೇ. ಸಕ್ಕರೆಯನ್ನು ಒಂದಕ್ಕೊಂದು ಅಳತೆಯಲ್ಲಿ ನೀರಿನೊಂದಿಗೆ ಬಿಸಿ ಮಾಡಿ, ಕರಗಿದ ಕೂಡಲೇ ಇಳಿಸಿ, ಆರಿಸಿಟ್ಟುಕೊಂಡರೆ ಪ್ರತಿಯೊಬ್ಬರೂ ತಮಗೆ ಬೇಕಾದಷ್ಟು ಬೆರೆಸಿಕೊಳ್ಳಬಹುದು. ನಿಂಬೆರಸ ಹಿಂಡಿದಾಗ ಚಹಾದ ಬಣ್ಣ ತೆಳುವಾಗುವುದು ಸಹಜ, ಗಾಬರಿ ಬೇಡ.

ಉತ್ತರ 3 (ಅಮೆರಿಕದ ಅಟ್ಲಾಂಟಾದಿಂದ)

ಇಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಸಿಹಿ ಐಸ್ ಟೀ ಊಟದ ಜೊತೆಗೇ ಬರುತ್ತದೆ. ಒಗರು ತಗ್ಗಲೆಂದು ಚಿಟಿಕೆ ಅಡುಗೆ ಸೋಡಾ ಹಾಕುವವರಿದ್ದಾರೆ. ನನ್ನ ನಾಲಿಗೆಗೆ ಅದರಿಂದ ಚಹಾದ ಪರಿಮಳವೇ ಸಪ್ಪೆಯಾದಂತೆ ಅನಿಸುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು: ಗಾಜಿನ ಭರಣಿಯಲ್ಲಿ ಚಹಾ, ನೀರು ಹಾಕಿ ಗಂಟೆಗಟ್ಟಲೆ ಬಿಸಿಲಿಗಿಡುವ ಪದ್ಧತಿ ಇಲ್ಲಿದೆ, ಬಳ್ಳಾರಿಯ ಬಿಸಿಲಿಗೆ ಅದು ಯಾರಿಗಾದರೂ ಹೊಳೆಯುವಂಥದ್ದೇ. ಆದರೆ ಬಿಸಿಲಿನಲ್ಲಿ ನೀರು ಬ್ಯಾಕ್ಟೀರಿಯಾ ಸಾಯುವಷ್ಟು ಬಿಸಿಯಾಗದೆ, ಅವು ಬೆಳೆಯುವಷ್ಟು ಬೆಚ್ಚಗಿರುತ್ತದೆ. ಆದ್ದರಿಂದ ನೆನೆಹಾಕುವುದಿದ್ದರೆ ಫ್ರಿಜ್ಜಿನಲ್ಲೇ ನೆನೆಹಾಕಿ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹುಡುಕಿ ನೀಲಗಿರಿಯ ಎಲೆ ಚಹಾ ತಂದು, ಫಿಲ್ಟರ್ ನೀರಿನಲ್ಲಿ ರಾತ್ರಿ ನೆನೆಹಾಕಿದ್ದೆ. ಬೆಳಿಗ್ಗೆ ಜಗ್ಗನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಆಚೆಯ ಬೇವಿನ ಎಲೆಗಳು ಅದರ ಮೂಲಕ ಸ್ಪಷ್ಟವಾಗಿ ಕಂಡವು. ನಾಲ್ಕು ಪುದೀನ ಎಲೆ, ನಿಂಬೆರಸ, ಪಾಕ ಬೆರೆಸಿ ಕೊಟ್ಟೆ. ಹಾಲಿಲ್ಲದ ಚಹಾವನ್ನು ಎಂದೂ ಮುಟ್ಟದ ನಮ್ಮ ಅತ್ತೆಯವರು ಎರಡನೆಯ ಲೋಟವನ್ನೂ ಕೇಳಿ ಕುಡಿದರು.