ಪೊಟ್ಯಾಸಿಯಂ ನೈಟ್ರೇಟ್: ಕಾಯಿಸುವಾಗ ಒಂದು ಪರಿವರ್ತನೆ, ತಣಿಸುವಾಗ ಎರಡು ಏಕೆ?

ಪ್ರಶ್ನೆ (ಲವಣಾಸಕ್ತ)

ಪೊಟ್ಯಾಸಿಯಂ ನೈಟ್ರೇಟ್‌ನ ಪುಡಿಯನ್ನು ಡಿಎಸ್‌ಸಿ ಉಪಕರಣದಲ್ಲಿ (ಕಾಯಿಸುವಾಗ, ತಣಿಸುವಾಗ ವಸ್ತು ಹೀರುವ ಅಥವಾ ಬಿಡುವ ಉಷ್ಣವನ್ನು ಅಳೆಯುವ ಸಾಧನ) ಇಟ್ಟು, ನಿಮಿಷಕ್ಕೆ 10 ಡಿಗ್ರಿಯಂತೆ 180 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಅದೇ ವೇಗದಲ್ಲಿ ತಣಿಸಿದೆ. ಕಾಯಿಸುವಾಗ 130 ಡಿಗ್ರಿಯ ಆಸುಪಾಸಿನಲ್ಲಿ ಒಂದೇ ಒಂದು ಶೃಂಗ ಮೂಡಿತು. ತಣಿಸುವಾಗ ಮಾತ್ರ 123 ಡಿಗ್ರಿಯ ಬಳಿ ಒಂದು, 110 ಡಿಗ್ರಿ ದಾಟಿ ಕೆಳಗಿಳಿದ ಮೇಲೆ ಇನ್ನೊಂದು, ಹೀಗೆ ಎರಡು ಶೃಂಗಗಳು ಕಾಣಿಸಿದವು. ಈ ಲವಣ 334 ಡಿಗ್ರಿಯಲ್ಲಷ್ಟೇ ಕರಗುವುದರಿಂದ ಇದು ಕರಗುವಿಕೆಯಲ್ಲ ಎಂಬುದು ಸ್ಪಷ್ಟ. ಸ್ಫಟಿಕ ರಚನೆಯೇ ಬದಲಾಗಿದ್ದರೆ, ಹೋದ ದಾರಿಯಲ್ಲೇ ಅದು ಏಕೆ ಹಿಂತಿರುಗುವುದಿಲ್ಲ? ಮಾದರಿಯಲ್ಲಿ ಕಲ್ಮಶವಿದೆ ಎಂದು ತಿಳಿಯಬೇಕೇ?

ಉತ್ತರ (ಸ್ಫಟಿಕಶಾಸ್ತ್ರ)

ಕಲ್ಮಶವನ್ನು ಶಂಕಿಸಬೇಕಾಗಿಲ್ಲ, ನೀವು ಕಂಡಿದ್ದು ಈ ಲವಣದ ಸಹಜ ಗುಣ, ಮತ್ತು ನನ್ನ ದೃಷ್ಟಿಯಲ್ಲಿ ಅದರ ಅತ್ಯಂತ ಸ್ವಾರಸ್ಯದ ಗುಣ.

ಕೊಠಡಿಯ ತಾಪಮಾನದಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಅರಾಗೊನೈಟ್ ಎಂಬ ಖನಿಜದ ಮಾದರಿಯ ಆರ್ಥೋರಾಂಬಿಕ್ (ಮೂರು ಅಸಮಾನ ಅಕ್ಷಗಳು ಪರಸ್ಪರ ಲಂಬವಾಗಿರುವ) ರಚನೆಯಲ್ಲಿರುತ್ತದೆ. ಇದನ್ನು ಆಲ್ಫಾ ರೂಪ ಎನ್ನುತ್ತಾರೆ. ಇದರಲ್ಲಿ ಪ್ರತಿ ಪೊಟ್ಯಾಸಿಯಂ ಅಯಾನಿನ ಸುತ್ತ ಒಂಬತ್ತು ಆಕ್ಸಿಜನ್‌ಗಳಿರುತ್ತವೆ, ಚಪ್ಪಟೆ ತ್ರಿಕೋನಾಕಾರದ ನೈಟ್ರೇಟ್ ಅಯಾನುಗಳ ದಿಕ್ಕು ನಿಶ್ಚಿತವಾಗಿರುತ್ತದೆ. ಸುಮಾರು 129 ಡಿಗ್ರಿಗೆ ಬಂದಾಗ ಪೊಟ್ಯಾಸಿಯಂ ಅಯಾನುಗಳ ಪದರಗಳ ಜೋಡಣೆಯೇ ಬದಲಾಗಿ, ಕ್ಯಾಲ್ಸೈಟ್ ಖನಿಜವನ್ನು ಹೋಲುವ ರಾಂಬೊಹೆಡ್ರಲ್ (ಕರ್ಣದ ಉದ್ದಕ್ಕೆ ಎಳೆದ ಘನದಂತಹ) ಬೀಟಾ ರೂಪ ಹುಟ್ಟುತ್ತದೆ. ಅದರೊಂದಿಗೆ ನೈಟ್ರೇಟ್‌ಗಳೂ ತಮ್ಮ ನಿಶ್ಚಿತ ದಿಕ್ಕನ್ನು ಕಳೆದುಕೊಳ್ಳುತ್ತವೆ: ಒಂದಕ್ಕೊಂದು 60 ಡಿಗ್ರಿ ತಿರುಗಿದ ಎರಡು ಭಂಗಿಗಳಲ್ಲಿ ಯಾವ ಅಯಾನು ಯಾವುದರಲ್ಲಿದೆ ಎಂಬುದಕ್ಕೆ ದೂರದವರೆಗಿನ ಕ್ರಮ ಉಳಿಯುವುದಿಲ್ಲ. ಅಂದರೆ ನಿಮ್ಮ ಒಂದೇ ಶೃಂಗದೊಳಗೆ ಎರಡು ಘಟನೆಗಳು ಒಟ್ಟಿಗೆ ಅಡಗಿವೆ.

ತಣಿಸುವಾಗ ಅವು ಬಿಡಿಬಿಡಿಯಾಗಿ ನಡೆಯುತ್ತವೆ. ನೈಟ್ರೇಟ್‌ಗಳು ಮತ್ತೆ ಕ್ರಮಕ್ಕೆ ಬರಲು ತುಸು ತಿರುಗಿ, ಮುಖ್ಯ ಅಕ್ಷದ ಉದ್ದಕ್ಕೆ ಸ್ವಲ್ಪ ಸರಿದರೆ ಸಾಕು. ಪೊಟ್ಯಾಸಿಯಂ ಜಾಲ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ಹೀಗಾಗಿ 124 ಡಿಗ್ರಿಯ ಹತ್ತಿರ ಗಾಮಾ ಎಂಬ ಮೂರನೆಯ ರೂಪ ಸುಲಭವಾಗಿ ಸಿಗುತ್ತದೆ. ನೈಟ್ರೇಟ್‌ಗಳೆಲ್ಲ ಒಂದೇ ಕಡೆಗೆ ಸರಿದಿರುವ ಕಾರಣ ಇದು ಫೆರೋಎಲೆಕ್ಟ್ರಿಕ್ ಕೂಡ ಹೌದು, ಅಂದರೆ ಇದಕ್ಕೆ ತನ್ನದೇ ವಿದ್ಯುತ್ ಧ್ರುವೀಕರಣವಿದ್ದು, ಹೊರಗಿನ ವಿದ್ಯುತ್ ಕ್ಷೇತ್ರದಿಂದ ಅದರ ದಿಕ್ಕನ್ನು ಬದಲಿಸಬಹುದು. ಆಲ್ಫಾ ರೂಪಕ್ಕೆ ಮರಳಬೇಕಾದರೆ ಪೊಟ್ಯಾಸಿಯಂ ಪದರಗಳನ್ನೇ ಮರುಜೋಡಿಸಬೇಕು, ಹೊಸ ರೂಪದ ಬೀಜಕಣಗಳು ಮೂಡಬೇಕು. ಅದಕ್ಕೆ ಇನ್ನಷ್ಟು ತಣಿಯುವುದು ಅಗತ್ಯ. ನಿಮ್ಮ ಎರಡನೆಯ ಶೃಂಗ ಅದೇ.

ಸೋಡಿಯಂ ನೈಟ್ರೇಟ್‌ನೊಂದಿಗೆ ಹೋಲಿಸಿ ನೋಡಿ. ಸೋಡಿಯಂ ಅಯಾನು ಚಿಕ್ಕದಾದ್ದರಿಂದ ಅದು ಕೊಠಡಿಯ ತಾಪಮಾನದಲ್ಲೇ ಕ್ಯಾಲ್ಸೈಟ್ ರಚನೆಯಲ್ಲಿರುತ್ತದೆ. ಕಾಯಿಸುತ್ತ ಹೋದಂತೆ ನೈಟ್ರೇಟ್‌ಗಳ ಕ್ರಮ ಮೆಲ್ಲಮೆಲ್ಲನೆ ಸಡಿಲಗೊಂಡು ಸುಮಾರು 275 ಡಿಗ್ರಿಯಲ್ಲಿ ಪೂರ್ತಿ ಅಳಿಯುತ್ತದೆ. ಮರುಜೋಡಣೆಯ ಅಡ್ಡಿ ಇಲ್ಲದಿರುವುದರಿಂದ ಅದು ಬಹುಮಟ್ಟಿಗೆ ಹೋದ ದಾರಿಯಲ್ಲೇ ಹಿಂತಿರುಗುತ್ತದೆ.

ಉತ್ತರ (ಉಷ್ಣಮಾಪಕ)

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೂ ರಚನೆಯ ಬಗ್ಗೆ ತೀರ್ಮಾನಕ್ಕೆ ಬರುವ ಮೊದಲು ತೂಕ ನೋಡುವುದು ಒಳ್ಳೆಯದು. ಮೈಲುತುತ್ತದಂತಹ ಜಲಯುತ ಲವಣವನ್ನು ಕಾಯಿಸಿದರೂ ಇಂಥ ಶೃಂಗಗಳು ಬರುತ್ತವೆ, ಅಲ್ಲಿ ನೀರು ಹೊರಟುಹೋಗಿ ವಸ್ತುವೇ ಬೇರೆಯಾಗಿರುತ್ತದೆ. ಟಿಜಿಎಯಲ್ಲಿ (ಕಾಯಿಸುತ್ತ ತೂಕ ಅಳೆಯುವ ವಿಧಾನ) ತೂಕ ಕದಲದಿದ್ದರೆ ಮಾತ್ರ ಅದನ್ನು ಬಹುರೂಪತೆ, ಅಂದರೆ ಒಂದೇ ವಸ್ತು ಬೇರೆ ಬೇರೆ ಸ್ಫಟಿಕ ರಚನೆಗಳನ್ನು ತಾಳುವುದು, ಎನ್ನಬಹುದು.

ಲವಣಾಸಕ್ತ

ತೂಕದಲ್ಲಿ ಗುರುತಿಸುವಷ್ಟು ವ್ಯತ್ಯಾಸವಿರಲಿಲ್ಲ. ಒಂದೇ ಶೃಂಗದಲ್ಲಿ ಎರಡು ಘಟನೆಗಳಿವೆ ಎಂಬುದನ್ನು ಅಳತೆಯಿಂದ ತೋರಿಸಲು ಸಾಧ್ಯವೇ?

ಉತ್ತರ (ಸ್ಫಟಿಕಶಾಸ್ತ್ರ)

ಒಂದು ಸರಳ ಲೆಕ್ಕ ಸಾಕಷ್ಟು ಹೇಳುತ್ತದೆ. ಆಲ್ಫಾದಿಂದ ಬೀಟಾಗೆ ಹೋಗಲು ಮೋಲ್ ಒಂದಕ್ಕೆ ಸುಮಾರು 5 ಕಿಲೋಜೌಲ್ ಉಷ್ಣ ಬೇಕು. ಇದನ್ನು 402 ಕೆಲ್ವಿನ್‌ನಿಂದ ಭಾಗಿಸಿದರೆ ಎಂಟ್ರೊಪಿಯ (ಅಕ್ರಮತೆಯ ಅಳತೆ) ಏರಿಕೆ ಮೋಲ್‌ಗೆ, ಕೆಲ್ವಿನ್‌ಗೆ ಸುಮಾರು 12 ಜೌಲ್. ನೈಟ್ರೇಟ್‌ಗೆ ಎರಡು ಭಂಗಿಗಳು ಸಿಕ್ಕಿದ್ದರಿಂದಷ್ಟೇ ಬರುವ ಎಂಟ್ರೊಪಿ, ಅನಿಲ ನಿಯತಾಂಕವನ್ನು 2ರ ಸ್ವಾಭಾವಿಕ ಲಾಗರಿದಮ್‌ನಿಂದ ಗುಣಿಸಿದಷ್ಟು, ಅಂದರೆ 5.76 ಜೌಲ್. ಇದು ಅರ್ಧಕ್ಕೂ ಕಡಿಮೆ. ಉಳಿದ ಪಾಲು ಜಾಲದ ಬದಲಾವಣೆಯಿಂದ ಮತ್ತು ಅದರೊಂದಿಗೆ ಸಡಿಲಗೊಂಡ ಕಂಪನಗಳಿಂದ ಬಂದಿರಬೇಕು. ತಣಿಸುವಾಗಿನ ಎರಡೂ ಶೃಂಗಗಳ ವಿಸ್ತೀರ್ಣವನ್ನು ಕೂಡಿಸಿ ನೋಡಿ. ಅದು ಕಾಯಿಸುವಾಗಿನ ಶೃಂಗದ ವಿಸ್ತೀರ್ಣಕ್ಕೆ ಸರಿಸುಮಾರು ಸಮನಾಗಬೇಕು.

ನೇರ ಸಾಕ್ಷ್ಯ ಬೇಕಿದ್ದರೆ, ಬಿಸಿ ಮಾಡುವ ಸೌಲಭ್ಯವಿರುವ ಎಕ್ಸ್-ರೇ ವಿವರ್ತನ ಉಪಕರಣದಲ್ಲಿ ತಣಿಸುತ್ತ ಬಂದು, ಎರಡು ಶೃಂಗಗಳ ನಡುವಿನ 118 ಡಿಗ್ರಿಯಲ್ಲಿ ನಿಲ್ಲಿಸಿ ವಿನ್ಯಾಸವನ್ನು ದಾಖಲಿಸಿ. ತಡಮಾಡಬೇಡಿ, ಸಾಮಾನ್ಯ ಒತ್ತಡದಲ್ಲಿ ಗಾಮಾ ರೂಪ ಹೆಚ್ಚು ಕಾಲ ಉಳಿಯುತ್ತದೆ ಎಂಬ ಭರವಸೆಯಿಲ್ಲ. ಅದು ಎಲ್ಲಿಯವರೆಗೆ ಉಳಿಯುತ್ತದೆ ಎಂಬುದು ತಣಿಸುವ ವೇಗ, ಕಣಗಳ ಗಾತ್ರ ಮತ್ತು ಮೊದಲು ಯಾವ ತಾಪಮಾನದವರೆಗೆ ಕಾಯಿಸಲಾಗಿತ್ತು ಎಂಬುದನ್ನು ಅವಲಂಬಿಸಿದೆ. ಆದ್ದರಿಂದ ಈ ಮೂರನ್ನೂ ನಿಮ್ಮ ಟಿಪ್ಪಣಿಯಲ್ಲಿ ಶೃಂಗದ ತಾಪಮಾನದ ಜೊತೆಗೇ ಬರೆದಿಡಿ.